ಬಲ ಸರಿ, ಯಾವ ದಿಕ್ಕಿಗೆ?

ಕಾರ್ಬನ್ ಫೈಬರ್ ಉಕ್ಕಿಗಿಂತ ಎಷ್ಟು ಪಟ್ಟು ಗಟ್ಟಿ ಎಂದು ಯಾರಾದರೂ ಕೇಳಿದರೆ, ಯಾವ ದಿಕ್ಕಿನಲ್ಲಿ ಎಂದು ಮರುಪ್ರಶ್ನೆ ಹಾಕಲೇಬೇಕು. ಸುಮಾರು 7 ಮೈಕ್ರಾನ್ ದಪ್ಪದ ಕಾರ್ಬನ್ ಎಳೆಯನ್ನು ಉದ್ದಕ್ಕೆ ಜಗ್ಗಿದರೆ 3,500 ಮೆಗಾಪಾಸ್ಕಲ್‌ವರೆಗೂ ತಡೆದುಕೊಳ್ಳುತ್ತದೆ. ವಿಮಾನಕ್ಕೆ ಬಳಸುವ ಗಟ್ಟಿ ಅಲ್ಯೂಮಿನಿಯಂ ಕೂಡ 570ರ ಆಸುಪಾಸಿನಲ್ಲಿ ಹರಿದುಹೋಗುತ್ತದೆ. ಆದರೆ ಬರೀ ಎಳೆಯಿಂದ ರೆಕ್ಕೆ ಕಟ್ಟಲಾಗದು. ಎಪಾಕ್ಸಿ ರಾಳದಲ್ಲಿ ಹಿಡಿದಿಟ್ಟು ಹಾಳೆ ಮಾಡಿದಾಗ ಉದ್ದಕ್ಕೆ 1,500ರಷ್ಟು ಬಲ ಉಳಿಯುತ್ತದೆ. ಅಡ್ಡಕ್ಕೆ ಎಳೆದರೆ 50 ದಾಟುವುದೇ ಕಷ್ಟ, ಅಲ್ಲಿ ತಡೆಯುವುದು ರಾಳ ಮಾತ್ರ. ಸೌದೆ ಸೀಳಿದವರಿಗೆ ಈ ಗುಟ್ಟು ಗೊತ್ತು. ಅದಕ್ಕೇ ಪದರಗಳನ್ನು 0, 45, 90 ಡಿಗ್ರಿಗೆ ತಿರುಗಿಸಿ ಪೇರಿಸುತ್ತಾರೆ. ಎಲ್ಲ ದಿಕ್ಕಿಗೂ ಸಮನಾಗಿ ಹಂಚಿದರೆ ಬಲ ಒಳ್ಳೆಯ ಅಲ್ಯೂಮಿನಿಯಂನ ಮಟ್ಟಕ್ಕೇ ಇಳಿಯುತ್ತದೆ! ಆಗ ಉಳಿಯುವ ಲಾಭ ತೂಕದ್ದು: ಇದು ನೀರಿಗಿಂತ 1.6 ಪಟ್ಟು ಭಾರ, ಅಲ್ಯೂಮಿನಿಯಂ 2.7, ಉಕ್ಕು 7.8.

ನಿಜವಾದ ಗೆಲುವು ಇರುವುದು ಹೊರೆ ಹರಿಯುವ ದಾರಿ ಮೊದಲೇ ಗೊತ್ತಿರುವಲ್ಲಿ. ವಿಮಾನದ ರೆಕ್ಕೆ ಅಂಥದ್ದು. ಬುಡದಿಂದ ತುದಿಯವರೆಗಿನ ಬಾಗುವಿಕೆಗೆ ತಕ್ಕಂತೆ ಆ ದಿಕ್ಕಿಗೇ ಹೆಚ್ಚು ಪದರ ಹಾಕಬಹುದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಯುದ್ಧವಿಮಾನ ತೇಜಸ್‌ನ ಒಡಲಿನ ತೂಕದಲ್ಲಿ ಶೇ 45ರಷ್ಟು ಇಂಥ ಸಂಯುಕ್ತ ವಸ್ತುವೇ. ಅದರ ಬಾಲದ ನೆಟ್ಟನೆಯ ರೆಕ್ಕೆಯನ್ನು ರೂಪಿಸಿದ್ದು ಇದೇ ಊರಿನ ಎನ್‌ಎಎಲ್ ಪ್ರಯೋಗಾಲಯ. ನಮ್ಮ ಎಂಜಿನಿಯರುಗಳ ಈ ಸಾಧನೆಗೆ ಸಿಗಬೇಕಾದಷ್ಟು ಮೆಚ್ಚುಗೆ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ.

ಲೋಹದ ದೊಡ್ಡ ಗುಣ ಬೇರೆಯೇ ಇದೆ. ಮಿತಿಮೀರಿದ ಹೊರೆ ಬಿದ್ದರೆ ಅದು ಮೊದಲು ಬಾಗುತ್ತದೆ, ಜಗ್ಗುತ್ತದೆ, ತಗ್ಗು ಬೀಳುತ್ತದೆ. ಹಾಗೆ ಪೆಟ್ಟಿನ ಶಕ್ತಿಯನ್ನು ನುಂಗಿಕೊಳ್ಳುತ್ತದೆ. ಕಾರ್ಬನ್ ಹಾಗಲ್ಲ, ಮಿತಿ ಮುಟ್ಟಿದ ಕೂಡಲೇ ಮುರಿಯುತ್ತದೆ. ಕೈಜಾರಿ ಬಿದ್ದ ಸ್ಪ್ಯಾನರ್‌ನಿಂದ ಒಳಪದರಗಳು ಬಿಟ್ಟುಕೊಂಡಿದ್ದರೂ ಮೇಲ್ಮೈ ನಯವಾಗಿಯೇ ಕಾಣಬಹುದು. ಹೀಗಾಗಿ ಶ್ರವಣಾತೀತ ಅಲೆಗಳ ತಪಾಸಣೆ ಇಲ್ಲಿ ಬೇಕೇಬೇಕು.

ಇದರ ದುಬಾರಿ ಪಾಠ ಕಲಿತದ್ದು ರೋಲ್ಸ್ ರಾಯ್ಸ್. ತನ್ನ ಆರ್‌ಬಿ211 ಎಂಜಿನ್‌ಗೆಂದು ಮಾಡಿದ ಕಾರ್ಬನ್ ಫ್ಯಾನ್ ಅಲಗುಗಳು 1970ರಲ್ಲಿ ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಸೋತವು; ಕಂಪನಿ ಟೈಟಾನಿಯಂಗೆ ಮರಳಿತು. ಆ ಎಂಜಿನ್‌ನ ಒಟ್ಟು ವೆಚ್ಚದ ಹೊರೆಗೆ 1971ರಲ್ಲಿ ಕಂಪನಿಯೇ ದಿವಾಳಿಯಾಯಿತು. 1995ರಲ್ಲಿ ಸೇವೆಗಿಳಿದ ಜನರಲ್ ಎಲೆಕ್ಟ್ರಿಕ್‌ನ ಜಿಇ90 ಎಂಜಿನ್‌ನಲ್ಲಿ ಕಾರ್ಬನ್ ಅಲಗು ಗೆದ್ದಿತು. ಹಕ್ಕಿ ಬಂದು ಬಡಿಯುವ ಅದರ ಮುಂಚೂಣಿ ಅಂಚಿಗೆ ಮಾತ್ರ ಟೈಟಾನಿಯಂ ಹೊದಿಸಿದ್ದರು.