ಬೆಣೆ, ಹಳಿ, ಬೋದಿಗೆ: ಚಿತ್ರದುರ್ಗ ಸೀಮೆಯ ಮರದ ಜೋಡಣೆ ಮತ್ತು ಹೊಸ ಯಂತ್ರಗಳು

ಬಡಗಿಯ ಕಸುಬನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಕೆತ್ತನೆಯ ಸೊಬಗಿಗೆ ಮೀಸಲಾಗಿವೆ. ಎರಡು ಮರಗಳು ಒಂದಾಗಿ ನಿಲ್ಲುವ ಬಗೆಯನ್ನು, ಎಂದರೆ ಜೋಡಣೆಯನ್ನು, ಗಮನಿಸಿದ್ದು ಕಡಿಮೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಮಾಳಿಗೆ ಮನೆ, ಎತ್ತಿನ ಗಾಡಿ, ತೇರುಗಳನ್ನು ಈ ದೃಷ್ಟಿಯಿಂದ ನೋಡಿದಾಗ, ಗಣಕಯಂತ್ರದ ಮರಗೆಲಸ ತಂದಿರುವ ಪಲ್ಲಟದ ಸ್ವರೂಪವೂ ತಿಳಿಯುತ್ತದೆ.

ಬಯಲುಸೀಮೆಯ ಬಿಸಿಲಿಗೆ ಮರ ಕುಗ್ಗುತ್ತದೆ, ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ. ಈ ಚಲನೆ ಎಳೆಯ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ದೇಸೀ ಜೋಡಣೆ ಇದಕ್ಕೆ ಎಡೆಗೊಡುತ್ತದೆ. ಮಾಳಿಗೆ ಮನೆಯಲ್ಲಿ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಮೇಲೆ ಹರಡಿದ ಮಣ್ಣಿನ ಭಾರವೇ ಎಲ್ಲವನ್ನೂ ಒತ್ತಿ ಹಿಡಿಯುತ್ತದೆ. ಆದುದರಿಂದಲೇ ಹಳೆಯ ಮನೆಯನ್ನು ಬಿಚ್ಚಿ, ಅದೇ ಕಂಬ ತೊಲೆಗಳನ್ನು ಬೇರೆಡೆ ನಿಲ್ಲಿಸುವುದು ಸಾಧ್ಯವಾಗಿತ್ತು.

ಗಾಡಿಯ ಚಕ್ರದ ಜೋಡಣೆ ಇನ್ನೂ ಸೂಕ್ಷ್ಮವಾದುದು. ನಡುವಿನ ಗುಂಬಕ್ಕೂ ಅಂಚಿನ ಬಾಗುಮರಗಳಿಗೂ ಅರೆಕಾಲುಗಳನ್ನು ಕುಳಿ ತೋಡಿ ಕೂರಿಸುತ್ತಾರೆ. ಅಂಟಿನ ಮಾತೇ ಇಲ್ಲ. ಕಬ್ಬಿಣದ ಹಳಿಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದೊಡನೆ ತೊಡಿಸಿ ನೀರು ಹೊಯ್ಯುತ್ತಾರೆ. ತಣಿದು ಕುಗ್ಗುವ ಹಳಿ ಅರೆಕಾಲುಗಳನ್ನು ಗುಂಬದೊಳಕ್ಕೆ ಒತ್ತುತ್ತದೆ. ಹಳಿ ಅಳತೆಗಿಂತ ಚಿಕ್ಕದಾದರೆ ಚಕ್ರ ಸೊಟ್ಟಗಾಗುತ್ತದೆ, ದೊಡ್ಡದಾದರೆ ಸಡಿಲ. ಬಡಗಿಯ ಕೆಲಸ ಕಮ್ಮಾರನ ಕುಲುಮೆಯಲ್ಲಿ ಪೂರ್ಣಗೊಳ್ಳುವುದು ಗಮನಾರ್ಹ. ಜಾತಿವಾರು ಕಸುಬುಗಳನ್ನು ಬಿಡಿಬಿಡಿಯಾಗಿ ಬರೆಯುವ ನಮ್ಮ ಪದ್ಧತಿಗೆ ಇದು ದಕ್ಕುವುದಿಲ್ಲ.

ಇದೇ ತತ್ತ್ವ ತೇರಿನಲ್ಲಿ ದೊಡ್ಡ ಪ್ರಮಾಣದಲ್ಲಿದೆ. ಹಿರಿಯೂರಿನಲ್ಲಂತೂ ತೇರು ಮಲ್ಲೇಶ್ವರನೆಂದು ದೇವರ ಹೆಸರಿಗೇ ತೇರು ಸೇರಿದೆ. ನೆರೆಯ ಕೊಟ್ಟೂರಿನಲ್ಲಿ 2017ರ ಫೆಬ್ರವರಿಯಲ್ಲಿ ಗುರುಬಸವೇಶ್ವರ ಸ್ವಾಮಿಯ ತೇರು ಉರುಳಿದ ಘಟನೆಯನ್ನು ಇಲ್ಲಿ ಸ್ಮರಿಸಬಹುದು. ಜೋಡಣೆಯ ಸ್ಥಿತಿಯನ್ನು ಅರಿಯುವ ಕಣ್ಣು ಭಕ್ತರ ಪ್ರಾಣದ ಪ್ರಶ್ನೆಯೂ ಹೌದು.

ಇಂದು ಪ್ಲೈವುಡ್ ಮತ್ತು ರಾಸಾಯನಿಕ ಅಂಟುಗಳ ಜೊತೆಗೆ ಸಿಎನ್‌ಸಿ ಯಂತ್ರ ಬಂದಿದೆ. ಗಣಕದಲ್ಲಿ ಬರೆದ ನಕ್ಷೆಯಂತೆ ತಿರುಗುವ ಅಲಗು ಮರವನ್ನು ಕೊರೆಯುತ್ತದೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದರ ತರಬೇತಿಯನ್ನೂ ನೀಡಿದೆ. ಅಲಗು ತಿರುಗುವುದರಿಂದ ಕುಳಿಯ ಒಳಮೂಲೆ ದುಂಡಗೆ ಉಳಿಯುತ್ತದೆ. ಚೌಕ ಮೂಲೆ ಬೇಕಾದಲ್ಲಿ ಮತ್ತೆ ಉಳಿ, ಕೊಡತಿಯನ್ನೇ ಹಿಡಿಯಬೇಕು. ಅಂಟಿನದು ಬೇರೆಯೇ ತೊಡಕು: ಅಂಟಿಸಿದ್ದನ್ನು ಬಿಚ್ಚಿ ದುರಸ್ತಿ ಮಾಡುವುದು ಕಷ್ಟ.

ಯಂತ್ರವೆಂದರೆ ಪರಂಪರೆಯ ವೈರಿಯೆಂಬ ಮಾತನ್ನು ನಾನು ಒಪ್ಪಲಾರೆ. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಜೂರಿಚ್‌ನಲ್ಲಿ ರೂಪಿಸಿದ, 2013ರಲ್ಲಿ ಪೂರ್ಣಗೊಂಡ ಟಾಮೀಡಿಯಾ ಕಟ್ಟಡದ ಕಂಬ ತೊಲೆಗಳನ್ನು ಗಣಕಯಂತ್ರದಿಂದ ಕೊರೆದು, ಉಕ್ಕಿನ ಕೀಲುಗಳಿಲ್ಲದೆ ಮರದ ಗೂಟಗಳಿಂದಲೇ ಕೂಡಿಸಲಾಗಿದೆ. ಅಲ್ಲಿಯೂ ಪಟ್ಟಿಪಟ್ಟಿಯಾಗಿ ಅಂಟಿಸಿದ ಮರವನ್ನೇ ಬಳಸಿದ್ದಾರೆಂಬುದನ್ನು ಮರೆಯಬಾರದು.

ನಮ್ಮಲ್ಲಿ ಆಗುತ್ತಿರುವ ನಷ್ಟ ಬೇರೆ. ಮಾಳಿಗೆ ಮನೆಗಳನ್ನು ಕೆಡವಿದಾಗ ಕಂಬಗಳು ನಗರದ ಅಲಂಕಾರಕ್ಕೆ ಮಾರಾಟವಾಗುತ್ತವೆ. ಯಾವ ತೊಲೆ ಯಾವ ಬೋದಿಗೆಯಲ್ಲಿ ಹೇಗೆ ಕೂತಿತ್ತೆಂಬ ತಿಳಿವಳಿಕೆ ಅಂದೇ ಅಳಿಯುತ್ತದೆ. ಮೂರು ಆಯಾಮದ ಸ್ಕ್ಯಾನಿಂಗಿನಿಂದ ಇವನ್ನು ದಾಖಲಿಸಬಹುದೆಂಬ ಸಲಹೆ ಸ್ವಾಗತಾರ್ಹವೇ. ಆದರೆ ಬೆಳಕಿನ ಸ್ಕ್ಯಾನರು ಹೊರಮೈಯನ್ನಷ್ಟೇ ಅಳೆಯಬಲ್ಲದು. ಕುಳಿಯೊಳಗಿನ ಬೆಣೆ, ಬಡಗಿ ಗೀರಿದ ಗುರುತು ಕಾಣಿಸುವುದು ಮರವನ್ನು ಬಿಚ್ಚಿದಾಗ ಮಾತ್ರ. ಕ್ಷೇತ್ರಕಾರ್ಯದ ಸಂಶೋಧಕ ಅಳತೆಪಟ್ಟಿಯೊಡನೆ, ಬಿಚ್ಚುವ ಬಡಗಿಯ ಜೊತೆ, ಆ ದಿನವೇ ಅಲ್ಲಿರಬೇಕಾಗುತ್ತದೆ.