ಉಪ್ಪು, ತುಕ್ಕು ಮತ್ತು ಮೋಟಾರಿನ ಮೈಬಣ್ಣ

ಉಪ್ಪಿಗಿಂತ ರುಚಿಯಿಲ್ಲವೆಂಬುದು ನಮ್ಮ ಹಿರಿಯರ ಮಾತು. ಅಡಿಗೆಮನೆಯ ಮಟ್ಟಿಗೆ ಅದು ನಿಜವೇ ಸರಿ. ಆದರೆ ಅದೇ ಉಪ್ಪು ಕಬ್ಬಿಣದ ನೆರೆಗೆ ಬಂದಿತೆಂದರೆ ಮಿತ್ರನಾಗಿ ಉಳಿಯುವುದಿಲ್ಲ. ಕಡಲ ಕರೆಯ ಮಂಜೇಶ್ವರ, ಕುಂಬಳೆಗಳ ಕಡೆಯ ಮನೆಗಳಲ್ಲಿ ಕಿಟಕಿಯ ಸರಳುಗಳು ಎಷ್ಟು ಬೇಗ ಕೆಂಪೇರುತ್ತವೆಂಬುದನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೂ ಈ ವಿಷಯವನ್ನು ಕುರಿತು ಬರೆಯಲು ಒಂದು ಕಾರಣವುಂಟು.

ಕಳೆದ ರಜೆಯಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಶಾಲೆಗೆ ಬಂದಿದ್ದರು. ಅವರ ಹಿರಿಯ ಮಗನು ಇಲ್ಲಿಯೇ ಕಲಿತು ಈಗ ಕೆನಡಾ ದೇಶದಲ್ಲಿ ಉದ್ಯೋಗದಲ್ಲಿದ್ದಾನೆ. ಓದಿಗಾಗಿ ಮಾಡಿದ ಸಾಲವು ಇನ್ನೂ ತೀರಿಲ್ಲ. ಕೆಲಸಕ್ಕೆ ಹೋಗಿಬರಲು ಬೇರೆ ದಾರಿಯಿಲ್ಲದೆ ಆತನು ಹಳೆಯ ಕಾರೊಂದನ್ನು ಕೊಂಡಿದ್ದನಂತೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅದರ ಬಾಗಿಲುಗಳ ಕೆಳಅಂಚಿನಲ್ಲಿ ಬಣ್ಣವು ಬೊಕ್ಕೆಯೆದ್ದು, ಒಳಗಿನ ತಗಡು ಹುಡಿಯಾಗತೊಡಗಿತು. “ಅಲ್ಲ ಮಾಷ್ಟ್ರೇ, ಅಲ್ಲಿ ಸಮುದ್ರವೇ ಇಲ್ಲವಂತೆ. ಮತ್ತೆ ಉಪ್ಪು ಎಲ್ಲಿಂದ ಬಂತು?” ಎಂದು ಅವರು ಕೇಳಿದರು. ಪ್ರಶ್ನೆಯು ಯೋಗ್ಯವಾದುದು. ಉತ್ತರವು ಎಲ್ಲರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಶುದ್ಧವಾದ ನೀರು ೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತ ನೀರು ಅದಕ್ಕಿಂತಲೂ ಕಡಿಮೆ ಉಷ್ಣತೆಯಲ್ಲಿ ಮಾತ್ರ ಹೆಪ್ಪುಗಟ್ಟುವುದು. ತಕ್ಕ ಪ್ರಮಾಣದಲ್ಲಿ ಉಪ್ಪು ಸೇರಿಸಿದರೆ ಶೂನ್ಯಕ್ಕಿಂತ ಸುಮಾರು ೨೧ ಡಿಗ್ರಿ ಕೆಳಗಿನವರೆಗೂ ಅದು ದ್ರವವಾಗಿಯೇ ಉಳಿಯಬಲ್ಲುದು. ಕೆನಡಾ ಹಾಗೂ ಅಮೇರಿಕದ ಉತ್ತರ ಭಾಗಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮವು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಗಾಡಿಗಳು ಜಾರಿ ಪ್ರಾಣಾಪಾಯವಾಗುತ್ತದೆ. ಆದುದರಿಂದ ಅಲ್ಲಿನವರು ರಸ್ತೆಗಳ ಮೇಲೆ ಗಣಿಯಿಂದ ತೆಗೆದ ಕಲ್ಲುಪ್ಪನ್ನು ಚೆಲ್ಲುತ್ತಾರೆ. ಕೆಲವೆಡೆ ಹಿಮ ಬೀಳುವುದಕ್ಕೆ ಮೊದಲೇ ಉಪ್ಪುನೀರನ್ನು ಸಿಂಪಡಿಸುತ್ತಾರೆ. ಅದರಲ್ಲಿ ೧೦೦ ಪಾಲಿಗೆ ಸುಮಾರು ೨೩ ಪಾಲು ಉಪ್ಪಿರುತ್ತದೆ. ನಮ್ಮ ಕಡಲಿನ ನೀರಿನಲ್ಲಿ ಇರುವುದು ೧೦೦ಕ್ಕೆ ಸುಮಾರು ೩.೫ ಪಾಲು ಮಾತ್ರ. ಹೋಲಿಸಿ ನೋಡಿರಿ! ಸಮುದ್ರವಿಲ್ಲದ ಊರಿನಲ್ಲಿ ಸಮುದ್ರಕ್ಕಿಂತ ಹೆಚ್ಚು ಉಪ್ಪಾದ ನೀರು ಗಾಡಿಯ ಮೈಗೆ ದಿನವೂ ಎರಚುತ್ತದೆ. ರಸ್ತೆಗೆ ಉಪ್ಪು ಹಾಕುವುದು ತಪ್ಪೆಂದು ಹೇಳುವಂತಿಲ್ಲ. ಅದರಿಂದ ಜೀವಗಳು ಉಳಿಯುತ್ತವೆ. ಗಾಡಿಯನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ಗಾಡಿಯ ಒಡೆಯನದು.

ಇನ್ನು ತುಕ್ಕಿನ ವಿಚಾರ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಈ ಕ್ರಿಯೆಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಕಬ್ಬಿಣದ ಒಂದು ತಾಣದಿಂದ ಇನ್ನೊಂದು ತಾಣಕ್ಕೆ ಹರಿಯುತ್ತದೆ. ಬರಿಯ ನೀರು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುವುದಿಲ್ಲ. ಉಪ್ಪುನೀರು ಧಾರಾಳವಾಗಿ ಕೊಡುತ್ತದೆ. ಹೀಗೆ ಉಪ್ಪು ತಾನಾಗಿ ಕಬ್ಬಿಣವನ್ನು ತಿನ್ನದಿದ್ದರೂ, ತಿನ್ನುವ ಕೆಲಸವನ್ನು ತ್ವರೆಗೊಳಿಸುತ್ತದೆ. ಮೇಲಾಗಿ ರಸ್ತೆಗೆ ಹಾಕುವ ಕೆಲವು ಲವಣಗಳು ಗಾಳಿಯ ತೇವವನ್ನು ಹೀರಿಕೊಂಡು ಸದಾ ಒದ್ದೆಯಾಗಿಯೇ ಇರುತ್ತವೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ಇಲ್ಲಿ ಕಾರಿನ ತಗಡಿಗೂ ಒಪ್ಪುತ್ತದೆ!

ಹಾಗಾದರೆ ಬಣ್ಣದ ಕೆಲಸವೇನು? ಬಣ್ಣವು ಕೇವಲ ಅಲಂಕಾರವೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಕಬ್ಬಿಣಕ್ಕೆ ತೊಡಿಸಿದ ಕವಚ. ಇಂದಿನ ಕಾರುಗಳಲ್ಲಿ ತಳಲೇಪ, ಬಣ್ಣ, ಅದರ ಮೇಲೆ ಪಾರದರ್ಶಕವಾದ ಹೊಳಪಿನ ಲೇಪ ಮೊದಲಾದ ಹಲವು ಪದರಗಳಿರುತ್ತವೆ. ಎಲ್ಲವನ್ನೂ ಸೇರಿಸಿದರೂ ಅದರ ದಪ್ಪವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಏಳು ಎಂಟನೆಯ ಒಂದು ಪಾಲನ್ನು ಮೀರುವುದಿಲ್ಲ. ಉಪ್ಪುನೀರು ಈ ಕವಚವನ್ನು ನೇರವಾಗಿ ಭೇದಿಸಲಾರದು. ಆದರೆ ಮುಂದಿನ ಗಾಡಿಯ ಚಕ್ರದಿಂದ ಸಿಡಿದ ಸಣ್ಣ ಹರಳೊಂದು ತಗುಲಿ ಸಾಸಿವೆಯಷ್ಟು ಬಣ್ಣ ಹಾರಿಹೋದರೆ ಸಾಕು, ಶತ್ರುವಿಗೆ ಕೋಟೆಯ ಬಾಗಿಲು ತೆರೆದಂತಾಯಿತು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದ್ದರಿಂದ ಅದು ಸುತ್ತಲಿನ ಬಣ್ಣವನ್ನು ಅಡಿಯಿಂದ ಎತ್ತುತ್ತಾ ಒಳಗೊಳಗೇ ಹಬ್ಬುತ್ತದೆ. ಬೊಕ್ಕೆಯು ನಮ್ಮ ಕಣ್ಣಿಗೆ ಬೀಳುವಾಗ ರೋಗವು ಬಹಳ ದೂರ ನಡೆದಿರುತ್ತದೆ.

ಬಾಲಕ ಬಾಲಿಕೆಯರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸತುವಿನ ಲೇಪವಿಲ್ಲದ ಮೂರು ಕಬ್ಬಿಣದ ಮೊಳೆಗಳನ್ನು ತೆಗೆದುಕೊಳ್ಳಿರಿ. ಮೊದಲನೆಯದನ್ನು ಬರಿಯ ನೀರಿನಲ್ಲಿ, ಎರಡನೆಯದನ್ನು ಉಪ್ಪುನೀರಿನಲ್ಲಿ ಅರ್ಧ ಮುಳುಗುವಂತೆ ಇಡಿರಿ. ಮೂರನೆಯದಕ್ಕೆ ಮೇಣದ ಬತ್ತಿಯ ಕರಗಿದ ಮೇಣವನ್ನು ಎಲ್ಲೆಡೆ ಸವರಿ, ಆರಿದ ಮೇಲೆ ಸೂಜಿಯಿಂದ ಒಂದೇ ಒಂದು ಗೀರನ್ನು ಎಳೆದು ಉಪ್ಪುನೀರಿನಲ್ಲಿಡಿರಿ. ಮೇಣವನ್ನು ಕರಗಿಸುವಾಗ ಹಿರಿಯರು ಜೊತೆಗಿರಲಿ. ಒಂದು ವಾರದ ತನಕ ದಿನವೂ ನೋಡಿ ಬರೆದಿಡಿರಿ. ಮೂರನೆಯ ಮೊಳೆಯಲ್ಲಿ ತುಕ್ಕು ಎಲ್ಲಿಂದ ಆರಂಭವಾಯಿತೆಂಬುದನ್ನು ಕಂಡರೆ, ಮುಂದೆ ಹೇಳುವ ಉಪಾಯಗಳೆಲ್ಲವೂ ತಾವಾಗಿ ತಿಳಿಯುತ್ತವೆ.

ಆ ತಂದೆಯವರ ಮೂಲಕ ಮಗನಿಗೆ ನಾನು ತಿಳಿಸಿದ ಉಪಾಯಗಳು ನಾಲ್ಕು. ಅವು ಯಾವುವೂ ಹೆಚ್ಚಿನ ಖರ್ಚಿನವಲ್ಲ.

ಮೊದಲನೆಯದು, ತೊಳೆಯುವುದು. ಹತ್ತು ಹದಿನೈದು ದಿನಗಳಿಗೊಮ್ಮೆ, ಉಷ್ಣತೆಯು ಶೂನ್ಯಕ್ಕಿಂತ ಮೇಲಿರುವ ದಿನವನ್ನು ನೋಡಿ, ಗಾಡಿಯನ್ನು ತೊಳೆಯಬೇಕು. ಹೊರಮೈಗಿಂತ ಮೊದಲು ಅಡಿಭಾಗಕ್ಕೂ ಚಕ್ರಗಳ ಮೇಲಿನ ಕಮಾನಿಗೂ ನೀರು ಹಾಯಿಸಬೇಕು; ಉಪ್ಪು ಅಡಗುವುದು ಅಲ್ಲಿಯೇ. ಬಟ್ಟೆ ಮುಟ್ಟಿಸುವುದಕ್ಕೆ ಮೊದಲು ಬರಿಯ ನೀರಿನಿಂದ ಮರಳನ್ನೂ ಉಪ್ಪಿನ ಹರಳನ್ನೂ ಕಳೆಯಬೇಕು. ಒಣಮೈಯನ್ನು ಉಜ್ಜಿದರೆ ನಾವೇ ಗೀರು ಹಾಕಿದಂತಾಗುತ್ತದೆ. ಎರಡು ಬಕೆಟುಗಳಿರಲಿ: ಒಂದರಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಾಡಲು ಶುದ್ಧ ನೀರು. ಪಾತ್ರೆ ತೊಳೆಯುವ ಸಾಬೂನು ಜಿಡ್ಡಿನೊಡನೆ ಮೇಣವನ್ನೂ ಕಳೆಯುವುದರಿಂದ ಅದು ಸಲ್ಲದು. ಕೊನೆಗೆ ಬಾಗಿಲಿನ ಅಂಚುಗಳನ್ನು ಒರಸಬೇಕು.

ಎರಡನೆಯದು, ಗಾಯವನ್ನು ಮುಚ್ಚುವುದು. ಚಳಿಗಾಲಕ್ಕೆ ಮೊದಲೇ ಗಾಡಿಯ ಸುತ್ತ ಒಮ್ಮೆ ನಿಧಾನವಾಗಿ ನಡೆದು ಬಣ್ಣ ಹಾರಿದ ತಾಣಗಳನ್ನು ಗುರುತಿಸಬೇಕು. ಅಲ್ಲಿನ ತುಕ್ಕನ್ನು ನಯವಾದ ಉಪ್ಪುಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿ, ಒರಸಿ, ಒಣಗಿಸಿ, ತಳಲೇಪವನ್ನೂ ಬಳಿಕ ಅದೇ ಬಣ್ಣವನ್ನೂ ತೆಳುವಾಗಿ ಹಚ್ಚಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವ ತನಕ ಕಾಯಬಾರದು.

ಮೂರನೆಯದು, ಮೇಣ. ಹಿಮ ಬೀಳುವ ಮೊದಲು, ತೊಳೆದು ಒಣಗಿಸಿದ ಮೈಗೆ ಮೇಣವನ್ನು ತೆಳುವಾಗಿ ಹಚ್ಚಿ ಬಟ್ಟೆಯಿಂದ ತಿಕ್ಕಬೇಕು. ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆಯ ಎಲೆಗಳಿಂದ ದೊರೆಯುವ ಮೇಣವು ಇದಕ್ಕೆ ಹೆಸರಾದುದು. ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿ ಉರುಳುತ್ತಿದ್ದರೆ ಮೇಣವು ಉಳಿದಿದೆಯೆಂದು ತಿಳಿಯಬೇಕು. ಹಬ್ಬಿ ನಿಂತರೆ ಮತ್ತೆ ಹಚ್ಚುವ ಕಾಲ ಬಂದಿತು.

ನಾಲ್ಕನೆಯದು, ಕೆಲವು ಅಭ್ಯಾಸಗಳು. ಗಾಡಿಯ ಮೇಲಿನ ಹಿಮವನ್ನು ಗಡುಸಾದ ಪೊರಕೆಯಿಂದಲೋ ಸಲಿಕೆಯಿಂದಲೋ ಎಳೆಯಬಾರದು. ಚಕ್ರಗಳ ಹಿಂದೆ ಕೆಸರು ತಡೆಯುವ ರಬ್ಬರಿನ ಹಾಳೆಗಳನ್ನು ಕಟ್ಟಿಸಬೇಕು. ಮುಂದಿನ ಗಾಡಿಯಿಂದ ದೂರವಿರಬೇಕು. ಹರಳೂ ತಗುಲದು, ಪ್ರಾಣಕ್ಕೂ ಕ್ಷೇಮ. ಉಪ್ಪು ಮೆತ್ತಿದ ಗಾಡಿಯನ್ನು ತೊಳೆಯದೆ ಬೆಚ್ಚನೆಯ ಕೊಟ್ಟಿಗೆಯಲ್ಲಿ ನಿಲ್ಲಿಸುವುದು ಉಪಕಾರವಲ್ಲ. ಬೆಚ್ಚಗಾದಾಗ ಹಿಮ ಕರಗಿ, ತುಕ್ಕಿನ ಕ್ರಿಯೆಯು ಇನ್ನಷ್ಟು ಚುರುಕಾಗುತ್ತದೆ.

ತಗಡು ಹುಡಿಯಾದ ಭಾಗಕ್ಕೆ ಇವುಗಳಿಂದ ಮರುಜೀವ ಬಾರದು. ಅದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ಆ ಖರ್ಚಿನ ಮುಂದೆ ಒಂದು ಡಬ್ಬಿ ಮೇಣ, ಒಂದು ಸಣ್ಣ ಸೀಸೆ ಬಣ್ಣ, ಎರಡು ಬಕೆಟು, ಹಳೆಯ ಹತ್ತಿಯ ಬಟ್ಟೆ ಇವುಗಳ ಬೆಲೆ ಏನೇನೂ ಅಲ್ಲ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಮ್ಮ ಮಕ್ಕಳಿಗೆ ಕಾರುಗಳೂ ಇಲ್ಲ. ಆದರೆ ಅರಬ್ಬೀ ಸಮುದ್ರದ ಗಾಳಿಯಲ್ಲಿ ಉಪ್ಪುಂಟು, ಆಷಾಢದ ಮಳೆಯಲ್ಲಿ ನೀರುಂಟು, ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಸೈಕಲ್ಲುಗಳಲ್ಲಿ ಕಬ್ಬಿಣವುಂಟು. ತಂದೆತಾಯಿಗಳು ಬೇರೆ ಖರ್ಚನ್ನು ಹಿಡಿದು ಕೊಡಿಸಿದ ಸೈಕಲ್ಲು ಅದು. ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆದು, ಒರಸಿ, ಸರಪಳಿಗೆ ಎರಡು ಹನಿ ಎಣ್ಣೆ ಬಿಡಿರಿ. ಬ್ರೇಕು ಹಿಡಿಯುವ ಗಾಲಿಯ ಬಳೆಗೆ ಮಾತ್ರ ಎಣ್ಣೆ ತಗುಲದಿರಲಿ. ಬಣ್ಣ ಹಾರಿದಲ್ಲಿ ಕೂಡಲೇ ಬಣ್ಣ ಹಚ್ಚಿರಿ. ಅಣ್ಣನು ಓಡಿಸಿದ ಸೈಕಲ್ಲು ತಮ್ಮನಿಗೆ, ಆ ಬಳಿಕ ತಂಗಿಗೆ ಬಂದರೆ ಮನೆಯಲ್ಲಿ ಉಳಿದ ಹಣವು ಇನ್ನೊಂದು ಪುಸ್ತಕಕ್ಕಾದೀತು, ಇನ್ನೊಂದು ವರ್ಷದ ಓದಿಗಾದೀತು.

ಮೊನ್ನೆ ಆ ತಂದೆಯವರು ಮತ್ತೆ ಸಿಕ್ಕಿದ್ದರು. ಮಗನು ಬಾಗಿಲುಗಳ ತಗಡನ್ನು ಸರಿಪಡಿಸಿಕೊಂಡು, ಈ ಬಾರಿ ಹಿಮ ಬೀಳುವುದಕ್ಕೆ ಮೊದಲೇ ಮೇಣ ಹಚ್ಚಿದನಂತೆ. ಅದಕ್ಕಿಂತಲೂ ಸಂತೋಷದ ಸಂಗತಿಯೆಂದರೆ, ಅವರ ಮಗಳು ಮೂರು ಮೊಳೆಗಳ ಪರೀಕ್ಷೆಯನ್ನು ಮುಗಿಸಿ, ಮಳೆಗಾಲಕ್ಕೆ ಮೊದಲೇ ತನ್ನ ಸೈಕಲ್ಲಿನ ಗೀರುಗಳನ್ನು ಎಣಿಸಿ ಮುಚ್ಚಿದ್ದಾಳೆ.