ಕುಡಿಯುವ ನೀರಿನ ಕಾವಲು

ನಮ್ಮ ಶಾಲೆಗೆ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳು ಶುಲ್ಕ, ಪಾಠಕ್ರಮಗಳ ವಿಷಯವನ್ನು ವಿಚಾರಿಸಿದ ತರುವಾಯ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: “ಇಲ್ಲಿಯ ನೀರನ್ನು ಪರೀಕ್ಷೆ ಮಾಡಿಸಿದ್ದೀರಾ?” ಪ್ರಶ್ನೆಯು ಯುಕ್ತವಾದುದೇ. ವಾಂತಿಭೇದಿ, ವಿಷಮಶೀತಜ್ವರ, ಕೆಲವು ಬಗೆಯ ಕಾಮಾಲೆ ಇವು ನೀರಿನ ಮೂಲಕ ಹರಡತಕ್ಕ ರೋಗಗಳೆಂಬುದನ್ನು ನಮ್ಮ ಪೂರ್ವವಿದ್ಯಾರ್ಥಿನಿಯರು ಆರೋಗ್ಯಶಾಸ್ತ್ರದ ಪಾಠದಲ್ಲಿ ಓದಿಯೇ ಇರುವರು. ಆದರೆ ಪರೀಕ್ಷೆಯೊಂದರಿಂದಲೇ ನೀರು ನಿರಪಾಯವಾಗುವುದಿಲ್ಲವೆಂಬುದನ್ನು ಈ ಸಂಚಿಕೆಯ ಮೂಲಕ ಪೋಷಕರಲ್ಲಿ ಅರಿಕೆ ಮಾಡಿಕೊಳ್ಳಬಯಸುತ್ತೇನೆ.

ಕುಡಿಯುವ ನೀರು ಹೇಗಿರಬೇಕೆಂಬುದಕ್ಕೆ ಭಾರತೀಯ ಮಾನಕ ಬ್ಯೂರೋದವರ 10500ನೆಯ ಸಂಖ್ಯೆಯ ಮಾನಕವಿದೆ; ಅದು 2012ರಲ್ಲಿ ಪರಿಷ್ಕೃತವಾಯಿತು. ಅದರಂತೆ ಒಂದು ಲೀಟರು ನೀರಿನಲ್ಲಿ ನೈಟ್ರೇಟೆಂಬ ಲವಣವು 45 ಮಿಲಿಗ್ರಾಂ ಮೀರಕೂಡದು. 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ. ಕೋಲಿ ಎಂಬ ಸೂಕ್ಷ್ಮಜೀವಿಯು ಒಂದಾದರೂ ಕಾಣಕೂಡದು. ಆದರೆ ಈ ಸೂಕ್ಷ್ಮಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೆಚ್ಚಗಿಟ್ಟು ಬೆಳೆಯಿಸಿಯೇ ಗುರುತಿಸಬೇಕು. ಅದಕ್ಕೆ ಒಂದೆರಡು ದಿವಸಗಳು ಹಿಡಿಯುವುವು. ವರದಿಯು ಕೈಸೇರುವಷ್ಟರಲ್ಲಿ ಮಕ್ಕಳು ಆ ನೀರನ್ನು ಕುಡಿದು ಮುಗಿಸಿರುವರು. ಅಲ್ಲದೆ, ಸೋಮವಾರ ತುಂಬಿದ ಸೀಸೆಯು ಬುಧವಾರ ಸುರಿದ ಮಳೆಯ ವಿಷಯವನ್ನು ಹೇಳಲಾರದು.

ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿ ವಾಕರ್‌ಟನ್ ಎಂಬ ಸಣ್ಣ ಪಟ್ಟಣವಿದೆ. 2000ನೆಯ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಬಿದ್ದ ಭಾರಿ ಮಳೆಯಿಂದ ದನಗಳ ಗೊಬ್ಬರದ ಅಂಶವು ಆಳವಿಲ್ಲದ ಒಂದು ಬಾವಿಗೆ ಇಳಿಯಿತು. ಬಾವಿಯ ನೀರಿಗೆ ಸಾಕಷ್ಟು ಕ್ಲೋರಿನ್ ಬೆರೆಯುತ್ತಿರಲಿಲ್ಲ. ಅದನ್ನು ದಿನವೂ ಅಳೆಯಬೇಕಾಗಿದ್ದ ನೌಕರರು ಅಳೆಯದೆಯೇ ಪುಸ್ತಕದಲ್ಲಿ ಅಂಕಿಗಳನ್ನು ಬರೆಯುತ್ತಿದ್ದರು. ಏಳು ಮಂದಿ ಸತ್ತರು. ಎರಡು ಸಾವಿರಕ್ಕೂ ಮಿಕ್ಕ ಜನರು ಹಾಸಿಗೆ ಹಿಡಿದರು. ಪ್ರಯೋಗಶಾಲೆಯ ಪರೀಕ್ಷೆಯು ದೋಷವನ್ನು ಕಂಡುಹಿಡಿದಿತ್ತು. ಆದರೆ ಆ ವೇಳೆಗೆ ಜನರು ನೀರನ್ನು ಕುಡಿದಾಗಿತ್ತು. ಧನಿಕ ದೇಶವೊಂದರಲ್ಲಿ ನಡೆದ ಸಂಗತಿಯಿದು.

2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ತಮ್ಮ ಮಾರ್ಗಸೂಚಿಯಲ್ಲಿ ಜಲ ಸುರಕ್ಷಾ ಯೋಜನೆಯೆಂಬ ಪದ್ಧತಿಯನ್ನು ಸಾರಿದರು. ಅದರ ತಿರುಳು ಸರಳವಾದುದು. ನೀರು ಹುಟ್ಟುವ ಸ್ಥಳದಿಂದ ಲೋಟದವರೆಗಿನ ದಾರಿಯನ್ನು ನಡೆದು ನೋಡಿ, ಎಲ್ಲೆಲ್ಲಿ ಕೆಡುಕು ಒಳನುಗ್ಗಬಹುದೋ ಅಲ್ಲಲ್ಲಿ ಮುಂಚಿತವಾಗಿಯೇ ಕಾವಲಿಡುವುದು. ಆ ಕಾವಲು ನಡೆಯುತ್ತಿದೆಯೇ ಎಂದು ದಿನವೂ ನೋಡುವುದು. ಪ್ರಯೋಗಶಾಲೆಯ ಪರೀಕ್ಷೆಯು ಕಾವಲುಗಾರನು ನಿದ್ರಿಸಲಿಲ್ಲವೆಂಬುದಕ್ಕೆ ಸಾಕ್ಷಿಯಾಗಬಹುದೇ ಹೊರತು ತಾನೇ ಕಾವಲುಗಾರನಾಗಲಾರದು. ಐರೋಪ್ಯ ಒಕ್ಕೂಟದವರು 2020ರಲ್ಲಿ ಈ ಪದ್ಧತಿಯನ್ನು ಕಾನೂನಾಗಿಯೇ ಮಾಡಿ, ನೀರಿನ ಮೂಲ, ಸರಬರಾಜು, ಕಟ್ಟಡದೊಳಗಿನ ಕೊಳವೆಗಳು ಎಂಬ ಮೂರು ಭಾಗಗಳಲ್ಲಿಯೂ ಅಪಾಯಗಳನ್ನು ಲೆಕ್ಕಹಾಕಬೇಕೆಂದು ವಿಧಿಸಿದರು. ಮೂರನೆಯದರಲ್ಲಿ ಆಸ್ಪತ್ರೆ, ಶಾಲೆಗಳಂತಹ ಸ್ಥಳಗಳಿಗೆ ವಿಶೇಷ ಗಮನ ಸಲ್ಲಬೇಕೆಂದಿರುವುದು ನನಗೆ ಬಹಳ ಒಪ್ಪಿಗೆಯಾದ ಮಾತು.

ಇನ್ನು ನಮ್ಮ ಬೊಮ್ಮನಹಳ್ಳಿಯ ನೀರಿನ ದಾರಿಯನ್ನು ನೋಡೋಣ. ಕಾವೇರಿಯ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಲ್ಪಟ್ಟು, ಸುಮಾರು 100 ಕಿಲೋಮೀಟರು ದೂರ, 500 ಮೀಟರು ಎತ್ತರ ಕ್ರಮಿಸಿ ಬೆಂಗಳೂರಿಗೆ ಬರುತ್ತದೆ. 2007ರಲ್ಲಿ ನಗರಕ್ಕೆ ಸೇರಿಸಲ್ಪಟ್ಟ 110 ಹಳ್ಳಿಗಳಿಗೆ, ಎಂದರೆ ನಮ್ಮ ಸುತ್ತಮುತ್ತಣ ಹಲವು ಊರುಗಳಿಗೂ, ನೀರೊದಗಿಸಲೆಂದು ಕಾವೇರಿ ಐದನೆಯ ಹಂತವು 2024ರ ಅಕ್ಟೋಬರ್ 16ರಂದು ಪ್ರಾರಂಭವಾಯಿತು. ಅದರ ಸಾಮರ್ಥ್ಯ ದಿನಕ್ಕೆ 77 ಕೋಟಿ 50 ಲಕ್ಷ ಲೀಟರು. ಅದಕ್ಕೆ ಮುಂಚಿನ ಬೇಸಗೆಯನ್ನು ಇಲ್ಲಿಯ ಗೃಹಿಣಿಯರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿದುವು, ಟ್ಯಾಂಕರಿಗಾಗಿ ಕಾದು ಮೊದಲನೆಯ ಪಾಠಕ್ಕೆ ತಪ್ಪಿಸಿಕೊಂಡ ಹುಡುಗಿಯರು ನಮ್ಮಲ್ಲಿಯೇ ಇದ್ದರು. (ಅವರ ಅಣ್ಣತಮ್ಮಂದಿರು ಹಾಗೆ ಕಾದುದನ್ನು ನಾನು ಕೇಳಲಿಲ್ಲ.) ಆ ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತದವರು ಟ್ಯಾಂಕರಿನ ದರವನ್ನು ಗೊತ್ತುಮಾಡಿದರು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ. ಅದು ಉಪಕಾರವೇ ಸರಿ. ಆದರೆ ನೀರು ಯಾವ ಬಾವಿಯದೆಂಬುದನ್ನು ದರಪಟ್ಟಿಯು ತಿಳಿಸುವುದಿಲ್ಲ. ಅದನ್ನು ಕೊಳ್ಳುವವರೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಜಲಮಂಡಳಿಯ ನೀರು ಶುದ್ಧವಾಗಿ ಹೊರಟರೂ ದಾರಿಯಲ್ಲಿ ಎರಡು ಸ್ಥಳಗಳಲ್ಲಿ ಕೆಡುವ ಸಂಭವವುಂಟು. ನೀರು ಸದಾಕಾಲ ಹರಿಯದೆ ಸರದಿಯಂತೆ ಬಿಡಲ್ಪಡುವುದರಿಂದ, ನಿಂತ ಹೊತ್ತಿನಲ್ಲಿ ಕೊಳವೆಯ ಒತ್ತಡವು ಇಳಿಯುತ್ತದೆ. ಬಿರುಕುಗಳಿದ್ದರೆ ಪಕ್ಕದ ಚರಂಡಿಯ ಕೊಳೆಯು ಒಳಕ್ಕೆ ಸೆಳೆಯಲ್ಪಡುತ್ತದೆ. ಆದುದರಿಂದ ನೀರು ಬಿಟ್ಟಾಗ ಮೊದಲು ಬರುವುದನ್ನು ಸಂಪಿಗೆ ಬಿಡದೆ ಹೊರಕ್ಕೆ ಹರಿಸುವುದು ವಿವೇಕ. ಎರಡನೆಯ ಸ್ಥಳವು ಸಂಪೇ. ಅನೇಕ ಮನೆಗಳಲ್ಲಿ ಅದರ ಮುಚ್ಚಳವು ನೆಲಮಟ್ಟದಲ್ಲಿದ್ದು, ಒಳಚರಂಡಿಯ ಗುಂಡಿಯು ಮಾರು ದೂರದಲ್ಲಿಯೇ ಇರುತ್ತದೆ. ಮುಚ್ಚಳದ ಅಂಚನ್ನು ಅರ್ಧ ಅಡಿಯಾದರೂ ಎತ್ತರಿಸಿದರೆ ಮಳೆಯ ನೀರು ಒಳಹೋಗದು. ಇದಕ್ಕೆ ಗಾರೆಯವನ ಒಂದು ದಿನದ ಕೂಲಿ ಸಾಕು.

“ನಾವು ಕುದಿಸಿಯೇ ಕುಡಿಯುತ್ತೇವೆ” ಎನ್ನುವ ತಾಯಂದಿರು ಪ್ರಶಂಸಾರ್ಹರು. ಕುದಿಸಿದರೆ ರೋಗಾಣುಗಳು ಸಾಯುವುದು ನಿಜ. ಆದರೆ ಚರಂಡಿಯ ನೀರು ಇಂಗಿದ ನೆಲದ ಕೊಳವೆಬಾವಿಯಲ್ಲಿರಬಹುದಾದ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣವು ಏರುತ್ತದೆ. ಸೀಸೆಹಾಲು ಕುಡಿಯುವ ಹಸುಳೆಗಳ ರಕ್ತಕ್ಕೆ ಅದು ವಿಶೇಷವಾಗಿ ಕೆಟ್ಟದ್ದು. ಬಾಣಂತಿಯರಾಗಿ ತವರಿಗೆ ಬರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮಗುವಿನ ಹಾಲಿಗೆ ಯಾವ ಮೂಲದ ನೀರನ್ನು ಬೆರೆಸುತ್ತಿರುವೆವೆಂಬುದನ್ನು ವಿಚಾರಿಸಿ ನೋಡಬೇಕು. ಕೊಳವೆಬಾವಿಯ ನೀರಾದರೆ ಪ್ರಯೋಗಶಾಲೆಯ ಪರೀಕ್ಷೆಯು ಇಲ್ಲಿ ನಿಶ್ಚಯವಾಗಿಯೂ ಬೇಕು. ಏಕೆಂದರೆ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಶಾಲೆಯಲ್ಲಿ ನಾವು ಮಾಡುತ್ತಿರುವುದು ಇಷ್ಟು. ಸಂಪನ್ನೂ ಮೇಲಿನ ತೊಟ್ಟಿಯನ್ನೂ ಮೂರು ತಿಂಗಳಿಗೊಮ್ಮೆ ತೊಳೆಸುತ್ತೇವೆ. ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಪ್ರತಿ ಬೆಳಿಗ್ಗೆ, ತೊಟ್ಟಿಗೆ ಅತಿ ದೂರವಾದ ನಲ್ಲಿಯ ನೀರಿಗೆ ಪರೀಕ್ಷಾ ದ್ರಾವಣವನ್ನು ತೊಟ್ಟಿಕ್ಕಿಸಿ, ಉಳಿದಿರುವ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಇದೆಯೇ ಎಂದು ಬಣ್ಣವನ್ನು ಹೋಲಿಸಿ ನೋಡುವರು. ಕಡಮೆಯಿದ್ದ ದಿನ ಆ ನಲ್ಲಿಗಳನ್ನು ಮುಚ್ಚಿ, ಕುದಿಸಿ ಆರಿಸಿದ ನೀರನ್ನು ಕೊಡುತ್ತೇವೆ. ಅಳೆಯದ ದಿನ ಪುಸ್ತಕದಲ್ಲಿ ಆ ಸಾಲು ಖಾಲಿಯಾಗಿಯೇ ಉಳಿಯಬೇಕೆಂಬುದು ನನ್ನ ಕಟ್ಟಪ್ಪಣೆ. ಆ ಪುಸ್ತಕವು ಕಚೇರಿಯ ಮೇಜಿನ ಮೇಲಿರುತ್ತದೆ. ಪೋಷಕರು ಯಾವ ದಿನವಾದರೂ ನೋಡಬಹುದು. ಸಂಪನ್ನೂ ತೆರೆಸಿ ನೋಡಬಯಸುವವರು ಶನಿವಾರ ತರಗತಿಗಳು ಮುಗಿದ ಮೇಲೆ ಬಂದರೆ ಅನುಕೂಲ. ಅದು ಮಕ್ಕಳು ಓಡಾಡುವ ದಾರಿಯಲ್ಲಿದೆ.